ಮಂಡಿಯೊಳಗಿನ ಲೋಹಕ್ಕೆ ನ್ಯಾನೋ ಲೇಪ



ಊರಿನಿಂದ ಅಮ್ಮನನ್ನೋ ಅಪ್ಪನನ್ನೋ ಮಂಡಿ ಆಪರೇಷನ್‌ಗೆಂದು ಇಲ್ಲಿಗೆ ಕರೆಸಿಕೊಂಡವರು ನಿಮ್ಮಲ್ಲಿ ಹಲವರಿದ್ದೀರಿ. ಸವೆದ ಕೀಲಿನ ಜಾಗದಲ್ಲಿ ಲೋಹದ ಕೀಲು ಕೂಡಿಸಿದ ಮೇಲೆ ಬಹುಪಾಲು ಮಂದಿ ಆರಾಮವಾಗಿ ಓಡಾಡುತ್ತಾರೆ. ಆದರೆ ನೂರರಲ್ಲಿ ಸುಮಾರು ಒಬ್ಬಿಬ್ಬರಿಗೆ ಆ ಲೋಹದ ಸುತ್ತ ಸೋಂಕು ತಗಲುತ್ತದೆ. ಕೆಲವೊಮ್ಮೆ ಹಾಕಿದ ಕೀಲನ್ನೇ ತೆಗೆದು, ಸೋಂಕು ವಾಸಿಯಾದ ಮೇಲೆ ಹೊಸದನ್ನು ಹಾಕಬೇಕಾಗುತ್ತದೆ. ಒಂದು ಆಪರೇಷನ್ ಮೂರಾಗುತ್ತದೆ.

ಇದೇಕೆ ಹೀಗೆ? ಜೀವಂತ ಅಂಗಾಂಶದಲ್ಲಿ ರಕ್ತ ಹರಿಯುತ್ತದೆ, ಕಾವಲಿಗೆ ಬಿಳಿ ರಕ್ತಕಣಗಳಿರುತ್ತವೆ. ಲೋಹಕ್ಕೆ ಆ ಭಾಗ್ಯವಿಲ್ಲ. ನಮ್ಮ ಚರ್ಮದ ಮೇಲೆಯೇ ಇರುವ ಸ್ಟೆಫಿಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾ ಒಳಗೆ ಹೊಕ್ಕು ಲೋಹಕ್ಕೆ ಅಂಟಿಕೊಂಡರೆ, ತನ್ನ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಇದೇ ಬಯೋಫಿಲ್ಮ್. ಅದರೊಳಗಿನ ಬ್ಯಾಕ್ಟೀರಿಯಾ ಆ್ಯಂಟಿಬಯಾಟಿಕ್‌ಗೆ ಸುಲಭವಾಗಿ ಜಗ್ಗುವುದಿಲ್ಲ.

1987ರಲ್ಲಿ ಅಮೆರಿಕದ ಮೂಳೆತಜ್ಞ ಆಂಥೊನಿ ಗ್ರಿಸ್ಟಿನಾ ಇದನ್ನು ಓಟದ ಪಂದ್ಯಕ್ಕೆ ಹೋಲಿಸಿದರು. ನಮ್ಮ ಕಡೆಯ ಬಸ್ಸಿನಲ್ಲಿ ಕಿಟಕಿಯಿಂದಲೇ ಟವೆಲ್ ಹಾಕಿ ಸೀಟು ಹಿಡಿಯುವುದನ್ನು ನೆನಪಿಸಿಕೊಳ್ಳಿ. ಲೋಹದ ಮೇಲ್ಮೈಯಲ್ಲಿ ಮೂಳೆಯ ಜೀವಕೋಶ ಮೊದಲು ಕುಳಿತರೆ ಬ್ಯಾಕ್ಟೀರಿಯಾಕ್ಕೆ ಜಾಗ ಸಿಗುವುದು ಕಷ್ಟ. ಬ್ಯಾಕ್ಟೀರಿಯಾ ಮೊದಲು ಬಂದರೆ ಎಬ್ಬಿಸುವುದು ಇನ್ನೂ ಕಷ್ಟ.

ನಮ್ಮವರಿಗೆ ಮೊದಲು ಸೀಟು ಕೊಡಿಸುವುದೇ ನ್ಯಾನೋ ಲೇಪದ ಉದ್ದೇಶ. ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ನಮ್ಮ ಒಂದು ಕೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ. ಮೂಳೆಯಲ್ಲಿರುವ ಖನಿಜದ ಹರಳುಗಳೂ ನ್ಯಾನೋ ಗಾತ್ರದವೇ. ಅದನ್ನೇ ಹೋಲುವ ಹೈಡ್ರಾಕ್ಸಿ ಅಪಟೈಟ್ ಕಣಗಳನ್ನು ಟೈಟಾನಿಯಂ ಮೇಲೆ ಬಳಿದರೆ ಮೂಳೆಕೋಶಗಳಿಗೆ ತವರುಮನೆ ಸಿಕ್ಕಂತೆ. ಜೊತೆಗೆ ಬೆಳ್ಳಿಯ ಕಣಗಳನ್ನು ಸೇರಿಸಿದರೆ, ಅವುಗಳಿಂದ ಹೊರಬರುವ ಬೆಳ್ಳಿಯ ಅಯಾನುಗಳು ಬ್ಯಾಕ್ಟೀರಿಯಾದ ಹೊರಪೊರೆಯನ್ನೂ ಕಿಣ್ವಗಳನ್ನೂ ಕೆಡಿಸುತ್ತವೆ.

ಆದರೆ ಅತಿಯಾದರೆ ಅಮೃತವೂ ವಿಷ. ಬೆಳ್ಳಿ ಹೆಚ್ಚಾದರೆ ಮೂಳೆಕೋಶಕ್ಕೂ ಏಟು. ಕಡಿಮೆಯಾದರೆ ಬ್ಯಾಕ್ಟೀರಿಯಾಕ್ಕೆ ಲೆಕ್ಕಕ್ಕಿಲ್ಲ. ಕೀಲನ್ನು ಬಡಿದು ಕೂಡಿಸುವಾಗ ಲೇಪ ಕಿತ್ತು ಬರಬಾರದು, ವರ್ಷಗಟ್ಟಲೆ ನಿಲ್ಲಬೇಕು. ಮೂಳೆ ಕ್ಯಾನ್ಸರಿನ ರೋಗಿಗಳಿಗೆ ಹಾಕುವ ದೊಡ್ಡ ಲೋಹದ ಕೀಲುಗಳಿಗೆ ಬೆಳ್ಳಿ ಲೇಪ ಈಗಾಗಲೇ ಬಳಕೆಯಲ್ಲಿದೆ. ನ್ಯಾನೋ ಕಣಗಳ ಲೇಪಗಳಲ್ಲಿ ಬಹಳಷ್ಟು ಮಾತ್ರ ಇನ್ನೂ ಪ್ರಯೋಗಾಲಯದಲ್ಲೂ ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲೂ ಇವೆ.

ಆದ್ದರಿಂದ ಯಾರಾದರೂ 'ನ್ಯಾನೋ' ಎಂದು ಹೇಳಿ ಹೆಚ್ಚು ಹಣ ಕೇಳಿದರೆ ಸಂಕೋಚಪಡದೆ ವಿಚಾರಿಸಿ: ಇದನ್ನು ಎಷ್ಟು ಜನರಿಗೆ ಹಾಕಿದ್ದಾರೆ, ಎಷ್ಟು ವರ್ಷದ ಅನುಭವವಿದೆ?

ಲೇಪ ಯಾವುದೇ ಇರಲಿ, ಕೆಲವು ಕಾವಲುಗಳು ನಮ್ಮ ಕೈಯಲ್ಲೇ ಇವೆ. ಆಪರೇಷನ್‌ಗೆ ಮೊದಲು ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ. ಬೀಡಿ, ಸಿಗರೇಟು ನಿಲ್ಲಲಿ. ಹಲ್ಲಿನ ಕೀವು, ಚರ್ಮದ ಹುಣ್ಣು ಇದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಆಮೇಲೆ ಗಾಯ ಒಸರಿದರೆ, ಕೆಂಪಾಗಿ ಊದಿಕೊಂಡರೆ, ಜ್ವರ ಬಂದರೆ ಅಂಗಡಿಯಿಂದ ಮಾತ್ರೆ ತಂದು ನುಂಗಿಸಬೇಡಿ. ಆಪರೇಷನ್ ಮಾಡಿದ ವೈದ್ಯರ ಬಳಿಗೇ ಹೋಗಿ. "ಮಕ್ಕಳಿಗೇಕೆ ತೊಂದರೆ" ಎಂದು ಅಮ್ಮ ನೋವನ್ನು ನುಂಗಿಕೊಂಡಾರು. ಕೇಳುವ ಕೆಲಸ ನಿಮ್ಮದು.