ಸಾವಿನ ಮನೆಯ ನಾಲ್ಕನೇ ದಿನ



ಊರಿನ ಸಾವಿಗೆಲ್ಲ ತಮಟೆ ಬಡಿದವರು ನಾವು. ಗುಂಡಿ ತೋಡಿದವರು ನಾವು. ಸಾವಿನ ಸುದ್ದಿ ಹೊತ್ತು ಹಳ್ಳಿ ಹಳ್ಳಿ ನಡೆದವರೂ ನಾವೇ. ನಮ್ಮ ಕೇರಿಯಲ್ಲಿ ಸಾವಾದರೆ? ಮೂರು ದಿನ ಜನ ಬರ್ತಾರೆ, ಹಾಲು-ತುಪ್ಪ ಬಿಡ್ತಾರೆ. ನಾಲ್ಕನೇ ದಿನ ಎಲ್ಲರನ್ನೂ ಕೂಲಿ ಕರೆಯುತ್ತೆ. ಆ ತಾಯಿ ಒಲೆ ಮುಂದೆ ಒಬ್ಬಳೇ ಕೂತಿರ್ತಾಳೆ. ನಾನು ಮಾತಾಡೋಕೆ ಬಂದಿರೋದು ಆ ನಾಲ್ಕನೇ ದಿನದ ಬಗ್ಗೆ.

ಕೆ.ಜಿ.ಎಫ್. ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಸಾವು ನಿಲ್ಲಲಿಲ್ಲ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕಲ್ಲು ಕೊರೆದ ಜನ. ಆ ಕಲ್ಲಿನ ದೂಳು ಎದೆಯಲ್ಲಿ ಕೂತರೆ ಸಿಲಿಕೋಸಿಸ್. ಕೆಲಸ ಬಿಟ್ಟ ಮೇಲೂ ಅದು ಬೆಳೆಯುತ್ತೆ. ಬಂಡೆ ಸಿಡಿದು ಸತ್ತವನನ್ನು ಗಣಿ ಕೊಂದಿತು ಅಂತ ಎಲ್ಲರೂ ಒಪ್ತಾರೆ. ವರ್ಷಗಟ್ಟಲೆ ಕೆಮ್ಮಿ ಸತ್ತವನನ್ನು? "ಟಿ.ಬಿ. ಇತ್ತು, ಕುಡೀತಿದ್ದ" ಅಂತ ಮಾತು ಮುಗಿಸ್ತಾರೆ. ತಪ್ಪೆಲ್ಲ ಸತ್ತವನದೇ! ಹೆಂಡತಿಗೆ ಅಳೋಕೂ ನಾಚಿಕೆ.

ಬೆಜವಾಡ ವಿಲ್ಸನ್ ಇದೇ ಕೆ.ಜಿ.ಎಫ್.ನಲ್ಲಿ ಮಲ ಬಾಚುವ ಕುಟುಂಬದಲ್ಲಿ ಹುಟ್ಟಿದವರು. ಅವರ ಸಫಾಯಿ ಕರ್ಮಚಾರಿ ಆಂದೋಲನದ ಮೊಕದ್ದಮೆಯಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು, ಒಳಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂದಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಹಣದಿಂದ ದುಃಖ ಹೋಗಲ್ಲ, ನಿಜ. ಆದರೆ ಕಾಗದ ಹಿಡಿದು ಕಚೇರಿ ಕಚೇರಿ ಅಲೆಯೋಳಿಗೆ ಅಳೋಕೆ ಪುರುಸೊತ್ತಾದರೂ ಎಲ್ಲಿ? ನಾವು ಕಟ್ಟೋ ದುಃಖ ಹಂಚಿಕೊಳ್ಳೋ ಕೇಂದ್ರದಲ್ಲಿ ಅರ್ಜಿ ಬರೆಯೋರೂ ಇರಬೇಕು.

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಆಗ ಅದು ನಮ್ಮ ಕೋಲಾರ ಜಿಲ್ಲೆಯದೇ ಊರು. 2006ರಲ್ಲಿ ಆರೋಪಿಗಳ ಬಿಡುಗಡೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಂಥ ಮನೆಗೆ ಹೋಗಿ "ಸಮಾಧಾನ ಮಾಡ್ಕೊಳಿ" ಅಂತ ಯಾವ ಬಾಯಲ್ಲಿ ಹೇಳೋದು? ಸಿಟ್ಟನ್ನೂ ಕೂತು ಕೇಳಬೇಕು. ಸಿಟ್ಟನ್ನು ಕಾಯಿಲೆ ಅನ್ನೋರು ಬೇರೆ ಕಡೆ ಬೇಕಾದಷ್ಟಿದ್ದಾರೆ.

ಕಟ್ಟಡ ಬೇಡ. ಬಂಗಾರಪೇಟೆಯಲ್ಲೊಂದು, ಮಾರಿಕುಪ್ಪಂನಲ್ಲೊಂದು ಕೋಣೆ, ಚಾಪೆ, ಕುಡಿಯೋಕೆ ನೀರು. ಬೆಂಗಳೂರಿಗೆ ಕೆಲಸಕ್ಕೆ ಹೋದವರು ರೈಲಿಳಿಯೋದು ರಾತ್ರಿ, ಬಾಗಿಲು ಆಗಲೂ ತೆಗೆದಿರಲಿ. ಹನ್ನೊಂದನೇ ದಿನ, ತಿಂಗಳು, ವರ್ಷ—ಲೆಕ್ಕ ಇಟ್ಟು ಆ ಮನೆಗಳಿಗೆ ಹೋಗಿ. ಬುದ್ಧಿ ಹೇಳಬೇಡಿ, ಸತ್ತವರ ಹೆಸರು ಹಿಡಿದು ಕೇಳಿ. "ಬದುಕೋದು ಬೇಡ" ಅಂದವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಜೊತೆಗೇ ಆಸ್ಪತ್ರೆಗೆ ನಡೀರಿ.

ಈಗ ತಮಿಳು ಬಲ್ಲವರು ಕೈ ಎತ್ತಿ. ಗಣಿ ಲೈನುಗಳಲ್ಲಿ ಕನ್ನಡದಲ್ಲಿ ಅಳೋರು ಕಮ್ಮಿ. ಬರೋ ಭಾನುವಾರ ಯಾರ್ಯಾರು ಹೊರಡ್ತೀರಿ, ಹೆಸರು ಬರೆಸಿ.