ಬೆಟ್ಟ ಹತ್ತಿದವರು



ಫಳ್ನೀರಿನವರಾದ ನೀವೆಲ್ಲ ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ನೋಡಿದ್ದೀರಿ. ಶತ್ರುವಿನ ಹಡಗು ನದಿಯೊಳಗೆ ನುಗ್ಗದಂತೆ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಾವಲು ಗೋಪುರ ಅದು. ಅದರ ಕಿಂಡಿಗಳ ಎದುರಿನಿಂದ ಬರುವವನಿಗೆ ಉಳಿಗಾಲವಿಲ್ಲ. ಹಾಗಾದರೆ ಇಂಥ ನೆಲೆಯನ್ನು ಗೆಲ್ಲುವುದು ಹೇಗೆ?

1944ರ ಜೂನ್ 6ರ ನಸುಕಿನಲ್ಲಿ ಬ್ರಿಟಿಷ್ ಪ್ಯಾರಾಟ್ರೂಪರ್‌ಗಳು ಆಕಾಶದಿಂದಿಳಿದು, ಫ್ರಾನ್ಸಿನ ಮೆರ್ವಿಲ್ ಬತ್ತೇರಿಯನ್ನು ನೆಲದ ಕಡೆಯಿಂದ ಹಿಡಿದರು. 600ಕ್ಕೂ ಹೆಚ್ಚು ಮಂದಿಯಲ್ಲಿ ಒಟ್ಟು ಸೇರಿದವರು ಸುಮಾರು 150 ಮಾತ್ರ. ಆ ಸಾಹಸ ಜಗತ್ತಿಗೇ ಗೊತ್ತು.

ಅದಕ್ಕೆ 26 ವರ್ಷ ಮೊದಲು, 1918ರ ಸೆಪ್ಟೆಂಬರ್ 23ರಂದು, ಇಂಥದೇ ಕೆಲಸವನ್ನು ಮೈಸೂರು ಸಂಸ್ಥಾನದ ಕುದುರೆ ಸವಾರರು ಮಾಡಿದ್ದರು. ಪ್ಯಾಲೆಸ್ತೀನಿನ ಹೈಫಾ ಬಂದರನ್ನು ಕಾರ್ಮೆಲ್ ಬೆಟ್ಟದ ಫಿರಂಗಿಗಳು ಕಾಯುತ್ತಿದ್ದವು. ಜೋಧಪುರದ ಸವಾರರು ಕೆಳಗಿನಿಂದ ನುಗ್ಗುವ ಮೊದಲು ಮೈಸೂರಿನ ಒಂದು ತುಕಡಿ ಕಡಿದಾದ ಕಲ್ಲುದಾರಿಯಲ್ಲಿ ಬೆಟ್ಟ ಹತ್ತಿ, ಫಿರಂಗಿಗಳ ಮೇಲೆರಗಿತು. ಸಂಜೆಯೊಳಗೆ ಹೈಫಾ ವಶವಾಯಿತು.

ಮೈಸೂರಿನ ಆ ಪಡೆಯಲ್ಲಿ ಮುಸ್ಲಿಂ ಸೈನಿಕರೂ ಇದ್ದರು. ಎದುರಿಗಿದ್ದುದು ಉಸ್ಮಾನಿ ಖಲೀಫರ ಸೈನ್ಯ. ಅವರು ಹೊತ್ತದ್ದು ಹಗುರವಾದ ಕರ್ತವ್ಯವಲ್ಲ.

ಜೋಧಪುರದವರು ತಮ್ಮ ಮೇಜರ್ ದಲ್ಪತ್ ಸಿಂಗ್‌ರನ್ನು ಇಂದಿಗೂ ನೆನೆಯುತ್ತಾರೆ. ದೆಹಲಿಯ ತೀನ್ ಮೂರ್ತಿಯಲ್ಲಿ ಒಂದು ಮೂರ್ತಿ ಮೈಸೂರಿನದು. ಆದರೆ ಬೆಟ್ಟ ಹತ್ತಿದವರಲ್ಲಿ ಒಬ್ಬನ ಹೆಸರು ಹೇಳಿ ಎಂದರೆ ತರಗತಿಯಲ್ಲಿ ಮೌನ; ಮೇಷ್ಟ್ರಾದ ನನ್ನದೂ ಮೌನವೇ.

ವಿದ್ಯಾರ್ಥಿಗಳೇ, ಮರೆವು ಮನೆಯಿಂದಲೇ ಆರಂಭವಾಗುತ್ತದೆ. ಇಂದು ರಾತ್ರಿ ನಿಮ್ಮ ಅಜ್ಜ ಅಜ್ಜಿಯರ ಬಳಿ ಕುಳಿತು ಹಿಂದಿನವರ ಹೆಸರು, ಊರು, ಕೆಲಸ ಕೇಳಿ ಬರೆದಿಡಿ. ಉರ್ದುವಾಗಲಿ, ಕನ್ನಡವಾಗಲಿ, ಬರೆದದ್ದು ಉಳಿಯುತ್ತದೆ.