ಬೆತ್ತ ಹೋಯಿತು, ಮಾಸ್ತರರು ಉಳಿಯಲಿ



ನಮ್ಮ ಶಾಲೆಗಳ ಬಗ್ಗೆ ಎಲ್ಲಿ ಹೋದರೂ ಎರಡು ದೂರು ಕೇಳಿಬರುತ್ತವೆ. ಮಕ್ಕಳು ಹೇಳಿದ ಮಾತು ಕೇಳುವುದಿಲ್ಲ ಎಂಬುದು ಒಂದು. ಒಳ್ಳೆಯ ಶಿಕ್ಷಕರು ಹಳ್ಳಿಯಲ್ಲಿ ನಿಲ್ಲುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ತರಬೇತಿ ಏರ್ಪಡಿಸುತ್ತೇವೆ, ಎರಡನೆಯದಕ್ಕೆ ವರ್ಗಾವಣೆ ಕೌನ್ಸೆಲಿಂಗ್ ನಡೆಸುತ್ತೇವೆ. ಇವೆರಡರ ಬೇರು ಒಂದೇ ಎಂಬುದು ನನ್ನ ದೃಢವಾದ ನಂಬಿಕೆ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿತು. ಅದು ಆಗಲೇಬೇಕಿದ್ದ ಕೆಲಸ. ಏಟಿಗೆ ಹೆದರಿ ಶಾಲೆ ಬಿಟ್ಟು ದನ ಕಾಯಲು ಹೋದವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಬೆತ್ತದ ಜಾಗಕ್ಕೆ ಏನು ಬರಬೇಕು ಎಂಬುದನ್ನು ಶಿಕ್ಷಕರ ಜೊತೆ ಕೂತು ಸಾಕಷ್ಟು ಯೋಚಿಸಲಿಲ್ಲ. ಅಲ್ಲಿಗೆ ಬರಬೇಕಾದದ್ದು ಪರಿಚಯ. ಹೊಡೆಯುವವರಿಗೆ ಮಗುವಿನ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಹೊಡೆಯದೆ ತಿದ್ದಬೇಕಾದರೆ ಅದರ ಮನೆ ಗೊತ್ತಿರಬೇಕು, ಗೆಳೆಯರು ಗೊತ್ತಿರಬೇಕು, ಓದಿನಲ್ಲಿ ಎಲ್ಲಿ ಎಡವಿದೆ ಎಂಬುದೂ ಗೊತ್ತಿರಬೇಕು. ಅದಕ್ಕೆ ಒಂದೇ ಊರಿನಲ್ಲಿ ವರ್ಷಗಟ್ಟಲೆ ಇರಬೇಕು.

ಯಾದಗಿರಿ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಆರನೇ ತರಗತಿಯ ಒಬ್ಬ ಹುಡುಗ ತಂದೆ ತಾಯಿಯ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಫೆಬ್ರವರಿಯಲ್ಲಿ ಮರಳಿದ್ದ. ಪಕ್ಕದವರ ಪುಸ್ತಕ ಕಸಿಯುತ್ತಿದ್ದ, ಪಾಠದ ನಡುವೆ ಎದ್ದು ಹೊರಗೆ ಹೋಗುತ್ತಿದ್ದ. ಆ ವರ್ಷವಷ್ಟೇ ಬಂದಿದ್ದ ಅತಿಥಿ ಶಿಕ್ಷಕರಿಗೆ ಅವನು ಪುಂಡನಾಗಿ ಕಂಡ. ಅದೇ ಶಾಲೆಯಲ್ಲಿ ಬಹಳ ವರ್ಷಗಳಿಂದ ಇದ್ದ ಟೀಚರ್ ಒಬ್ಬರು ಅವರಿಗೆ ಹೇಳಿದ್ದು ಇಷ್ಟು: “ಅಂವ ಗಣಿತದ ಪಿರಿಯಡ್‌ನ್ಯಾಗ ಅಷ್ಟ ಗದ್ದಲ ಮಾಡ್ತಾನ, ನೋಡ್ರಿ ಸರ. ಭಿನ್ನರಾಶಿ ಹೇಳುವಾಗ ಅಂವ ಊರಾಗ ಇದ್ದಿಲ್ಲ.” ಮಧ್ಯಾಹ್ನದ ಊಟವಾದ ಮೇಲೆ ಆ ಟೀಚರೇ ಅವನ ಕೈಗೆ ಅಳತೆಯ ಟೇಪು ಕೊಟ್ಟು ತರಗತಿಯ ಉದ್ದ ಅಗಲ ಅಳೆಯಲು ಹಚ್ಚಿದರು. ಕಟ್ಟಡದ ಕೆಲಸದಲ್ಲಿ ಅಪ್ಪನ ಜೊತೆ ಟೇಪು ಹಿಡಿದ ಹುಡುಗ ಅವನು; ಅರ್ಧ ಅಡಿ, ಕಾಲು ಅಡಿ ಅವನಿಗೆ ನೀರು ಕುಡಿದಷ್ಟು ಸಲೀಸು. ಅಲ್ಲಿಂದ ಭಿನ್ನರಾಶಿಗೆ ಬಂದರು. ಗದ್ದಲ ಒಂದೇ ದಿನಕ್ಕೆ ನಿಲ್ಲಲಿಲ್ಲ. ಆದರೆ ಗಣಿತದ ಪಿರಿಯಡ್‌ನಲ್ಲಿ ಅವನು ಕೂತಲ್ಲಿ ಕೂರತೊಡಗಿದ. ಇದು ಯಾವ ತರಬೇತಿಯ ಕೈಪಿಡಿಯಲ್ಲೂ ಸಿಗುವ ಉಪಾಯವಲ್ಲ. ಆ ಟೀಚರ್ ಆ ಊರಿನಲ್ಲಿ ಉಳಿದಿದ್ದರಿಂದ ದೊರೆತದ್ದು.

ಮಗು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಕಲಿಸಬೇಕೆಂಬ ಈ ತಿಳಿವಳಿಕೆ ನಮ್ಮ ರಾಜ್ಯದಲ್ಲೇ ಒಂದು ಪದ್ಧತಿಯಾಗಿ ರೂಪ ಪಡೆದಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದು, ಯುನಿಸೆಫ್ ನೆರವಿನಿಂದ ‘ನಲಿ ಕಲಿ’ ಆರಂಭಿಸಿದರು. ಕಲಿಕೆಯ ಕಾರ್ಡುಗಳನ್ನು ಶಿಕ್ಷಕರೇ ಕೂತು ಸಿದ್ಧಪಡಿಸಿದರು. ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಅದರ ಕಲಿಕಾ ಏಣಿಯ ದೊಡ್ಡ ಗುಣ ಯಾವುದೆಂದರೆ, ನಾಲ್ಕು ತಿಂಗಳು ಊರು ಬಿಟ್ಟುಹೋದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ಹಿಂದೆ ಬಿದ್ದೆ ಎಂಬ ಅವಮಾನ ಇಲ್ಲದಾಗ ತರಗತಿಯ ಎಷ್ಟೋ ತಂಟೆಗಳು ಹುಟ್ಟುವುದೇ ಇಲ್ಲ. ಈಗ ನಲಿ ಕಲಿ ಮೂರನೇ ತರಗತಿಗೇ ಮುಗಿಯುತ್ತದೆ. ತಂಟೆ ಜೋರಾಗುವುದು ಐದು, ಆರು, ಏಳರಲ್ಲಿ!

ಇನ್ನು ಶಿಕ್ಷಕರು ಏಕೆ ಹೋಗುತ್ತಾರೆ? ಖಾಯಂ ಶಿಕ್ಷಕರ ಮಟ್ಟಿಗೆ ಕಾರಣ ಸಂಬಳವಲ್ಲ. ಊರಿನಲ್ಲಿ ಬಾಡಿಗೆಗೆ ಮನೆ ಸಿಗುವುದಿಲ್ಲ, ಎರಡು ಬಸ್ಸು ಬದಲಿಸಬೇಕು, ಶೌಚಾಲಯ ಇದ್ದರೂ ಅದರಲ್ಲಿ ನೀರಿಲ್ಲ. ಇವನ್ನೆಲ್ಲ ಸಹಿಸಿಕೊಂಡ ಶಿಕ್ಷಕಿಯೂ ಒಂದು ಗಳಿಗೆಯಲ್ಲಿ ಮನಸ್ಸು ಮುರಿದುಕೊಳ್ಳುತ್ತಾರೆ. ಪಾಲಕರೊಬ್ಬರು ಸಿಟ್ಟಿನಿಂದ ಶಾಲೆಗೆ ನುಗ್ಗಿದಾಗ ಮುಖ್ಯ ಶಿಕ್ಷಕರು ವಿಚಾರಿಸದೆ, ಮಕ್ಕಳೆದುರೇ ಆಕೆಯನ್ನು ಗದರಿದರೆ ಅಲ್ಲಿಗೆ ಮುಗಿಯಿತು. ಮರುದಿನದಿಂದ ಮಕ್ಕಳು ಆಕೆಯ ಮಾತು ಕೇಳುವುದಿಲ್ಲ; ಮುಂದಿನ ಕೌನ್ಸೆಲಿಂಗ್‌ನಲ್ಲಿ ಆಕೆ ಬೇರೆ ಊರು ಆರಿಸಿಕೊಳ್ಳುತ್ತಾರೆ. ಪಾಲಕರನ್ನು ಒಳಗೆ ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿ, ಶಿಕ್ಷಕಿಯೊಡನೆ ಆಮೇಲೆ ಪ್ರತ್ಯೇಕ ಮಾತಾಡುವ ಮುಖ್ಯ ಶಿಕ್ಷಕರು ಇರುವಲ್ಲಿ ಶಿಕ್ಷಕರು ನಿಲ್ಲುತ್ತಾರೆ.

ಆದರೆ ಮುಖ್ಯ ಶಿಕ್ಷಕರಿಗೆ ಆ ಪುರಸೊತ್ತನ್ನಾದರೂ ಕೊಟ್ಟಿದ್ದೇವೆಯೇ? ಬಿಸಿಯೂಟದ ಲೆಕ್ಕ, 2024ರಿಂದ ವಾರದ ಆರೂ ದಿನ ಮೊಟ್ಟೆಯ ಲೆಕ್ಕ, ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ದಾಖಲೆ. 2025ರಲ್ಲಿ ಶಿಕ್ಷಕರು ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಹೋಗಬೇಕಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು.

ಅತಿಥಿ ಶಿಕ್ಷಕರ ಸ್ಥಿತಿ ಇದಕ್ಕಿಂತ ಕಷ್ಟದ್ದು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಅವರಿಲ್ಲದೆ ಎಷ್ಟೋ ತರಗತಿಗಳು ನಡೆಯುವುದೇ ಇಲ್ಲ. ಗೌರವಧನ ಹನ್ನೆರಡು ಸಾವಿರದ ಆಸುಪಾಸು, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಮುಂದಿನ ಜೂನ್‌ನಲ್ಲಿ ಇರುತ್ತೇವೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಮಕ್ಕಳಿಗೆ ಮಾತ್ರ ಚೆನ್ನಾಗಿ ಗೊತ್ತು. “ಈ ಸರ ಮುಂದಿನ ವರ್ಷ ಇರಂಗಿಲ್ಲ” ಎಂದು ತಿಳಿದ ತರಗತಿಯನ್ನು ಎಂಥ ಜಾಣ ಶಿಕ್ಷಕರೂ ಹಿಡಿದಿಡಲಾರರು. ಚೆನ್ನಾಗಿ ಕಲಿಸಿದ ಅತಿಥಿ ಶಿಕ್ಷಕರನ್ನು ಅದೇ ಶಾಲೆಯಲ್ಲಿ ಮುಂದುವರಿಸುತ್ತೇವೆ ಎಂಬ ಭರವಸೆಯನ್ನು ಮಾರ್ಚ್‌ನಲ್ಲೇ ಕೊಡಬೇಕು. ಖಾಯಂ ನೇಮಕಾತಿ ಆಗುವವರೆಗೂ ಇದು ಸರ್ಕಾರದ ಕನಿಷ್ಠ ಕರ್ತವ್ಯ.

ವರ್ಗಾವಣೆ ಪೂರ್ತಿ ನಿಲ್ಲುವುದಿಲ್ಲ, ನಿಲ್ಲಿಸುವುದು ನ್ಯಾಯವೂ ಅಲ್ಲ. ಶಿಕ್ಷಕರಿಗೂ ಸಂಸಾರವಿದೆ, ವಯಸ್ಸಾದ ತಂದೆ ತಾಯಿ ಇದ್ದಾರೆ. ಆದ್ದರಿಂದ ಒಂದು ಸಣ್ಣ ಕೋರಿಕೆ. ಮುಖ್ಯ ಶಿಕ್ಷಕರು ಚಾರ್ಜ್ ಒಪ್ಪಿಸುವಾಗ ಬೀರು, ಬೆಂಚು, ಸಿಲಿಂಡರು, ಸೌಟಿನವರೆಗೆ ಪಟ್ಟಿ ಮಾಡಿ ಸಹಿ ಹಾಕುತ್ತಾರೆ. ತರಗತಿ ಬಿಟ್ಟುಹೋಗುವ ಶಿಕ್ಷಕರು ಮಕ್ಕಳ ಬಗ್ಗೆ ಒಂದು ಹಾಳೆಯನ್ನೂ ಬಿಟ್ಟುಹೋಗುವುದಿಲ್ಲ. ಆ ಪಟ್ಟಿಯ ಜೊತೆ ಒಂದು ನೋಟ್‌ಬುಕ್ಕೂ ಸೇರಲಿ. ಯಾವ ಮಗು ಗುಳೆ ಹೋಗುತ್ತದೆ, ಯಾವ ಪಾಠ ತಪ್ಪಿದೆ, ಯಾರು ರಾತ್ರಿ ಪಂಪ್‌ಸೆಟ್ಟಿನ ಕರೆಂಟಿಗಾಗಿ ಹೊಲದಲ್ಲಿ ಎಚ್ಚರವಿದ್ದು ಬೆಳಿಗ್ಗೆ ತೂಕಡಿಸುತ್ತಾರೆ, ಯಾರನ್ನು ಯಾರ ಪಕ್ಕ ಕೂರಿಸಬಾರದು, ಸಿಟ್ಟು ಬಂದ ಯಾವ ಹುಡುಗ ಯಾರ ಮಾತಿಗೆ ಬಗ್ಗುತ್ತಾನೆ ಎಂದು ಬರೆದಿರಲಿ. ಮಗುವನ್ನು ಹಳಿಯುವ ಒಂದು ಮಾತೂ ಅದರಲ್ಲಿ ಬೇಡ. ಹೋಗುವವರೂ ಬರುವವರೂ ಮೂರು ದಿನ ಒಂದೇ ತರಗತಿಯಲ್ಲಿ ಜೊತೆಗಿರುವಂತೆ ಬಿಡುಗಡೆಯ ಆದೇಶದಲ್ಲೇ ಬರೆಯಬೇಕು. ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕು.